ಗಡಿಯಾಚೆಯ ವ್ಯಾಪಾರ: ಸಹಿಗೆ ಮುನ್ನ ಕರಾರಿನಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಇಷ್ಟು ವರ್ಷ ನಮ್ಮ ಕಾಫಿಯನ್ನು ಇಲ್ಲಿನ ವ್ಯಾಪಾರಿಗಳಿಗೇ ಕೊಡುತ್ತಿದ್ದೆವು. ಈ ಸಲ ಜರ್ಮನಿಯ ಕಂಪನಿಯೊಂದಕ್ಕೆ ನೇರವಾಗಿ ಒಂದು ಕಂಟೇನರ್ ರೊಬಸ್ಟಾ ಪಾರ್ಚ್‌ಮೆಂಟ್ ಎಬಿ (ಕಾಫಿಯ ಒಂದು ದರ್ಜೆ) ಕಳಿಸುವ ಮಾತಾಗಿದೆ. ಅವರು ಕಳಿಸಿರುವ ಕರಾರು ಒಂದೇ ಪುಟ: 60 ಕೆ.ಜಿ.ಯ 320 ಚೀಲ, ಎಫ್‌ಒಬಿ ಮಂಗಳೂರು, ಎಸ್‌ಎಎಸ್-ಎನ್‌ಎಎನ್‌ಎಸ್, ಸಿಎಡಿ, ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರಿಂದ ತೀರ್ಪು) ಹ್ಯಾಂಬರ್ಗ್‌ನಲ್ಲಿ, ಉಳಿದದ್ದೆಲ್ಲ ಇಎಸ್‌ಸಿಸಿ ಪ್ರಕಾರ. ‘ವ್ಯಾಜ್ಯ ಬಂದರೆ ಹಾಸನದ ಕೋರ್ಟು’ ಎಂದು ತಿದ್ದಿಸಿಕೊಳ್ಳಿ ಎನ್ನುತ್ತಾರೆ ಪರಿಚಯದವರು. ಹಾಗೆ ಮಾಡಲೇ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಬೇಡ. ಹಾಸನದಲ್ಲಿ ಡಿಕ್ರಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಅದು ಅಮಲ್ಜಾರಿಯಾಗಬೇಕಾದದ್ದು ಖರೀದಿದಾರರ ಖಾತೆ, ಗೋದಾಮು ಇರುವ ಜರ್ಮನಿಯಲ್ಲಿ. ನಮ್ಮ ಕೋರ್ಟಿನ ಡಿಕ್ರಿ ಅಲ್ಲಿ ನೇರವಾಗಿ ಜಾರಿಯಾಗುವಂಥ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಆರ್ಬಿಟ್ರೇಷನ್ ತೀರ್ಪಿಗಾದರೆ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬೆಂಬಲವಿದೆ. ಭಾರತ, ಜರ್ಮನಿ ಎರಡೂ ಅದಕ್ಕೆ ಸೇರಿವೆ. ಆದ್ದರಿಂದ ಹ್ಯಾಂಬರ್ಗ್ ಇರಲಿ. ಆದರೆ ಆರ್ಬಿಟ್ರೇಟರ್ ಎಷ್ಟು ಜನ, ಖರ್ಚು ಯಾರದು ಎಂದು ಕೇಳಿ ತಿಳಿದುಕೊಳ್ಳಿ. ಟನ್ನಿಗೆ 4,000 ಡಾಲರ್ ಲೆಕ್ಕ ಹಿಡಿದರೂ ನಿಮ್ಮ 19.2 ಟನ್ನಿನ ಬೆಲೆ 76,800 ಡಾಲರ್. ಮೂವರು ಆರ್ಬಿಟ್ರೇಟರ್‌ಗಳನ್ನು ಕೂರಿಸಿ, ವಕೀಲರನ್ನಿಟ್ಟು ವರ್ಷಗಟ್ಟಲೆ ನಡೆಸುವಷ್ಟು ದೊಡ್ಡ ವ್ಯಾಜ್ಯವಲ್ಲ ಇದು.

ನಿಮ್ಮ ನಿಜವಾದ ಅಪಾಯ ‘ಎಸ್‌ಎಎಸ್-ಎನ್‌ಎಎನ್‌ಎಸ್’ ಎಂಬ ಅಕ್ಷರಗಳಲ್ಲಿದೆ. ಸ್ಯಾಂಪಲ್ ಒಪ್ಪಿಗೆಯಾದರೆ ಮಾತ್ರ ಮಾರಾಟ, ಒಪ್ಪಿಗೆಯಿಲ್ಲದಿದ್ದರೆ ಮಾರಾಟವೇ ಇಲ್ಲ ಎಂದು ಅದರ ಅರ್ಥ. ಕರಾರು ಮಾಡಿಕೊಂಡ ಮೇಲೆ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಬೆಲೆ ಇಳಿಯಿತೆನ್ನಿ, ‘ಸ್ಯಾಂಪಲ್ ಹಿಡಿಸಲಿಲ್ಲ’ ಎಂಬ ಒಂದು ಸಾಲಿನ ಇಮೇಲ್ ಕಳಿಸಿ ಅವರು ಕೈತೊಳೆದುಕೊಳ್ಳಬಹುದು. ಬೆಲೆ ಏರಿದರೆ ಒಪ್ಪಿಗೆ ತಾನಾಗಿ ಬರುತ್ತದೆ. ಇದಕ್ಕೆ ಮೂರು ತಿದ್ದುಪಡಿ ಕೇಳಿ. ಸ್ಯಾಂಪಲ್ ಕೈಸೇರಿದ ಇಂತಿಷ್ಟು ದಿನದೊಳಗೆ (10 ದಿನ ಸಾಕು) ಉತ್ತರ ಬರದಿದ್ದರೆ ಒಪ್ಪಿಗೆಯಾಯಿತೆಂದೇ ಲೆಕ್ಕ. ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿರಬೇಕು: ರುಚಿ ನೋಡುವಾಗ ಕಪ್‌ನಲ್ಲಿ ಯಾವ ದೋಷ, ತೇವಾಂಶ ಎಷ್ಟು, ಕಪ್ಪು ಬೀಜ ಎಷ್ಟು. ಎರಡನೇ ಸ್ಯಾಂಪಲ್ ಕಳಿಸುವ ಹಕ್ಕು ನಿಮಗಿರಬೇಕು. ಒಪ್ಪಿದ ಲಾಟಿನಿಂದಲೇ ಮೂರು ಪೊಟ್ಟಣ ತೆಗೆದು, ಇಬ್ಬರ ಸೀಲ್ ಹಾಕಿಸಿ, ಒಂದು ನಿಮ್ಮಲ್ಲಿ, ಒಂದು ಅವರಲ್ಲಿ, ಇನ್ನೊಂದು ತಪಾಸಣಾ ಕಂಪನಿಯಲ್ಲಿ ಇಡಿಸಿ. ಮುಂದೆ ಜಗಳ ಬಂದಾಗ ಹತ್ತು ಪುಟದ ನೋಟಿಸಿಗಿಂತ ಆ ಪೊಟ್ಟಣ ಹೆಚ್ಚು ಮಾತಾಡುತ್ತದೆ.

‘ಉಳಿದದ್ದೆಲ್ಲ ಇಎಸ್‌ಸಿಸಿ’ ಎಂಬ ಸಾಲು ಯುರೋಪಿನ ಕಾಫಿ ವ್ಯಾಪಾರದ ಇಡೀ ಮಾದರಿ ಕರಾರನ್ನು ನಿಮ್ಮ ಒಂದು ಪುಟದೊಳಗೆ ತರುತ್ತದೆ. ಗುಣಮಟ್ಟದ ತಕರಾರಿಗೆ ಎಷ್ಟು ದಿನ, ತೂಕ ಎಷ್ಟು ಕಡಿಮೆಯಾದರೆ ಹಣ ವಾಪಸ್ ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರತಿ ತರಿಸಿ, ಓದಿಯೇ ಸಹಿ ಹಾಕಿ. ತೂಕದ ಮಿತಿ ನಿಮ್ಮ ಪುಟದಲ್ಲೇ ಅಂಕಿಯಲ್ಲಿರಲಿ. ಶೇ. 0.5 ಎಂದರೆ ನಿಮ್ಮ ಲಾಟಿಗೆ 96 ಕೆ.ಜಿ. ಇನ್ನು, ‘ಜರ್ಮನ್ ಕಾನೂನು ಅನ್ವಯ’ ಎಂದು ಬರೆದು ಸುಮ್ಮನಾದರೆ 1980ರ ವಿಯೆನ್ನಾ ಮಾರಾಟ ಒಡಂಬಡಿಕೆಯೂ ಜೊತೆಗೇ ಬರುತ್ತದೆ, ಭಾರತ ಅದಕ್ಕೆ ಸೇರಿರದಿದ್ದರೂ. ಅದರಲ್ಲಿ ದೋಷ ಕಂಡ ಮೇಲೆ ಖರೀದಿದಾರರು ಸಮಂಜಸ ಕಾಲದೊಳಗೆ ನೋಟಿಸ್ ಕೊಡಬೇಕು ಎಂದಿದೆ. ಹೊರಮಿತಿ 2 ವರ್ಷ. ಹಸಿ ಕಾಫಿಗೆ ಅದು ತೀರಾ ಉದ್ದ. ಬೇಡವಾದರೆ ‘ಈ ಒಡಂಬಡಿಕೆ ಅನ್ವಯಿಸುವುದಿಲ್ಲ’ ಎಂದು ಬರೆಸಬೇಕು, ಇಲ್ಲವೇ ತಕರಾರಿನ ದಿನಗಳನ್ನು ನೀವೇ ನಿಗದಿ ಮಾಡಬೇಕು.

ಎಫ್‌ಒಬಿಯಲ್ಲಿ ಸರಕು ಹಡಗು ಹತ್ತುವ ತನಕ ಹೊಣೆ ನಿಮ್ಮದೇ. ಆದರೆ ಕಂಟೇನರ್ ಅದಕ್ಕೆ ಎಷ್ಟೋ ದಿನ ಮೊದಲೇ ಯಾರ್ಡಿನಲ್ಲಿ ನಿಮ್ಮ ಕೈ ಬಿಟ್ಟಿರುತ್ತದೆ. ಇನ್‌ಕೋಟರ್ಮ್ಸ್ 2020ರ (ಅಂತರರಾಷ್ಟ್ರೀಯ ಮಾರಾಟದ ಷರತ್ತುಗಳ ನಿಯಮಾವಳಿ) ಎಫ್‌ಸಿಎ ಕೇಳಿ ನೋಡಿ, ಅದರಲ್ಲಿ ಸಾಗಣೆದಾರರಿಗೆ ಒಪ್ಪಿಸಿದಲ್ಲಿಗೇ ನಿಮ್ಮ ಹೊಣೆ ಮುಗಿಯುತ್ತದೆ. ಒಪ್ಪದಿದ್ದರೆ ಯಾರ್ಡಿನಿಂದ ಹಡಗಿನವರೆಗೆ ವಿಮೆ ಮಾಡಿಸಿ. ಹಡಗು ಬುಕ್ ಮಾಡುವವರು ಅವರಾದ್ದರಿಂದ ಬಿಲ್ ಆಫ್ ಲೇಡಿಂಗ್‌ನ (ಸರಕು ಬಿಡಿಸಿಕೊಳ್ಳಲು ಬೇಕಾದ, ಹಡಗು ಕಂಪನಿ ಕೊಡುವ ದಾಖಲೆ) ಶಿಪ್ಪರ್, ಅಂದರೆ ಸರಕು ಕಳಿಸುವವರ, ಕಾಲಂನಲ್ಲಿ ನಿಮ್ಮ ಹೆಸರೇ ಇರಬೇಕೆಂದು ಕರಾರಿನಲ್ಲಿ ಬರೆಸಿ. ಅದು ‘ಟು ಆರ್ಡರ್’ (ಹಿಂಬರಹದ ಸಹಿಯಿಂದ ಹಕ್ಕು ವರ್ಗವಾಗುವಂಥದ್ದು) ಆಗಿರಲಿ, ಮೂರೂ ಮೂಲ ಪ್ರತಿ ಬ್ಯಾಂಕ್ ಮೂಲಕವೇ ಹೋಗಲಿ. ಸಿಎಡಿ ಎಂದರೆ ದುಡ್ಡು ಕೊಟ್ಟ ಮೇಲೆ ದಾಖಲೆ. ಒಂದು ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ನೇರವಾಗಿ ಕಳಿಸಿಬಿಟ್ಟರೆ ಆ ರಕ್ಷಣೆ ಅಲ್ಲಿಗೇ ಮುಗಿಯಿತು.

ಯುರೋಪಿನ 2023ರ ಅರಣ್ಯನಾಶ ತಡೆ ನಿಯಮದ ಪಟ್ಟಿಯಲ್ಲಿ ಕಾಫಿಯೂ ಇದೆ. ತೋಟದ ಅಕ್ಷಾಂಶ-ರೇಖಾಂಶ ಕೊಡುವುದು ನಿಮ್ಮ ಕೆಲಸ, ಅಲ್ಲಿನ ಘೋಷಣೆ ಸಲ್ಲಿಸುವುದು ಅವರ ಕೆಲಸ ಎಂದು ಬಿಡಿಸಿ ಬರೆಸಿ.

ಪ್ರಶ್ನೆ: ಚೀನಾದಿಂದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ತರಿಸುತ್ತಿದ್ದೇವೆ. ಶೇ. 30 ಮುಂಗಡ, ಶೇ. 70 ಸಾಗಣೆಗೆ ಮೊದಲು ಎನ್ನುತ್ತಾರೆ. ಪ್ರೊಫಾರ್ಮಾ ಇನ್‌ವಾಯ್ಸ್ (ಮಾರಾಟಕ್ಕೆ ಮುಂಚಿನ ಬೆಲೆಪತ್ರ) ಬಿಟ್ಟರೆ ಬೇರೆ ಕಾಗದವಿಲ್ಲ. ಸಾಕೇ?
– ಸಣ್ಣ ಕೈಗಾರಿಕೆಯವರು, ಪೀಣ್ಯ

ಉತ್ತರ: ಸಾಲದು. ಇನ್‌ವಾಯ್ಸ್‌ನಲ್ಲಿರುವ ಇಂಗ್ಲಿಷ್ ಹೆಸರಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ, ನೋಂದಣಿಯಾಗಿರುವುದು ಚೀನೀ ಹೆಸರು. ಅವರ ವ್ಯಾಪಾರ ಲೈಸೆನ್ಸಿನ ಪ್ರತಿ ತರಿಸಿ, ಆ ಹೆಸರನ್ನೂ 18 ಅಂಕಿ-ಅಕ್ಷರಗಳ ನೋಂದಣಿ ಸಂಕೇತವನ್ನೂ ಕರಾರಿನಲ್ಲಿ ಹಾಕಿಸಿ, ಸಹಿಯ ಜೊತೆ ಕಂಪನಿಯ ಮೊಹರೂ ಬೀಳಲಿ. ಬ್ಯಾಂಕ್ ಖಾತೆ ಅದೇ ಹೆಸರಿನಲ್ಲಿರಬೇಕು. ‘ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ, ಮೊದಲೇ ನಿಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತವಾಗುವ ತನಕ ಹಣ ಕಳಿಸಬೇಡಿ. ಇದನ್ನೇ ಕರಾರಿನ ಷರತ್ತಾಗಿಯೂ ಬರೆಸಿ.

ಶೇ. 70ನ್ನು ಒಡೆಯಿರಿ. ಅವರ ಕಾರ್ಖಾನೆಯಲ್ಲೇ ನಿಮ್ಮ ಡ್ರಾಯಿಂಗ್‌ನ ಭಾಗವೊಂದನ್ನು ಓಡಿಸಿ, ಅಳತೆಯ ವ್ಯತ್ಯಾಸ ಎಷ್ಟು ಮೈಕ್ರಾನ್ ಒಳಗಿರಬೇಕೆಂದು ಬರೆದು, ಅದು ಪಾಸಾದ ಮೇಲೆ ಶೇ. 60, ಪೀಣ್ಯದಲ್ಲಿ ಯಂತ್ರ ಚಾಲೂ ಆದ ಮೇಲೆ ಶೇ. 10. ವಾರಂಟಿಯ ದಿನವೂ ಚಾಲೂ ಆದಂದಿನಿಂದಲೇ ಎಣಿಸಲಿ. ಎಲ್‌ಸಿ (ದಾಖಲೆ ಸರಿಯಿದ್ದರೆ ಹಣ ಕೊಡುವೆನೆಂಬ ಬ್ಯಾಂಕಿನ ಭರವಸೆ ಪತ್ರ) ತೆರೆಯುವುದಾದರೆ ನೆನಪಿಡಿ, ಬ್ಯಾಂಕು ಯಂತ್ರ ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತದೆ. ಆದ್ದರಿಂದ ಸ್ವತಂತ್ರ ತಪಾಸಣೆಯ ಸರ್ಟಿಫಿಕೇಟನ್ನು ಎಲ್‌ಸಿ ದಾಖಲೆಗಳ ಪಟ್ಟಿಗೆ ಸೇರಿಸಿ. ವ್ಯಾಜ್ಯಕ್ಕೆ ಸಿಂಗಪುರ ಒಳ್ಳೆಯ ಜಾಗ, ಅಲ್ಲಿನ ತೀರ್ಪು ಎರಡೂ ದೇಶದಲ್ಲಿ ಜಾರಿಯಾಗಬಲ್ಲದು. ಬರೆಯುವಾಗ ‘ಸೀಟ್ ಸಿಂಗಪುರ’ (ಆರ್ಬಿಟ್ರೇಷನ್‌ನ ಕಾನೂನಿನ ನೆಲೆ) ಎಂದೇ ಬರೆಯಿರಿ. ಬರೀ ‘ವೆನ್ಯೂ’ (ವಿಚಾರಣೆಗೆ ಕೂರುವ ಜಾಗ) ಎಂದರೆ ಯಾವ ದೇಶದ ಕೋರ್ಟಿಗೆ ಮೇಲ್ವಿಚಾರಣೆ ಎಂಬುದಕ್ಕೇ ಮೊದಲ ಜಗಳ ಶುರುವಾಗುತ್ತದೆ.

ಪ್ರಶ್ನೆ: ಅಮೆರಿಕದ ಗ್ರಾಹಕರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ‘ಕೋಡ್‌ನ ಎಲ್ಲ ಹಕ್ಕು ನಿಮ್ಮದೇ’ ಎಂದು ಬರೆದುಕೊಡಲು ಕೇಳಿದ್ದಾರೆ. ಅರ್ಧ ಕೆಲಸ ಮಾಡಿದ್ದು ಫ್ರೀಲಾನ್ಸರ್‌ಗಳು. ತೊಂದರೆಯಿದೆಯೇ?
– ಓದುಗರು, ಮೈಸೂರು

ಉತ್ತರ: ಇದೆ. ನೌಕರರು ಬರೆದ ಕೋಡ್ ಕಂಪನಿಯದು. ಫ್ರೀಲಾನ್ಸರ್ ಬರೆದದ್ದು, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸದಿದ್ದರೆ, ಅವರದೇ. ವರ್ಗಾವಣೆ ಪತ್ರವಿದ್ದರೂ ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಅಮೆರಿಕದಲ್ಲಿ ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಜೊತೆಗೆ, ವರ್ಷದೊಳಗೆ ಬಳಸದಿದ್ದರೆ ಹಕ್ಕು ಬಿದ್ದುಹೋಗುತ್ತದೆಂಬ ನಿಯಮವೂ ಅಲ್ಲೇ ಇದೆ. ಆದ್ದರಿಂದ ‘ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಬಳಸದಿದ್ದರೂ ರದ್ದಾಗದಂತೆ’ ಎಂಬ ಮಾತುಗಳು ಮತ್ತು ಕೊಟ್ಟ ಸಂಭಾವನೆಯ ಮೊತ್ತ ಪ್ರತಿ ಫ್ರೀಲಾನ್ಸರ್‌ನ ಪತ್ರದಲ್ಲಿ ಇರಲಿ. ಅದಾದ ಮೇಲೆ ಅಮೆರಿಕದ ಕರಾರಿಗೆ ಕೈ ಹಾಕಿ. ಅದರಲ್ಲಿ ಹಕ್ಕು ಅವರಿಗೆ ಸೇರುವುದು ಬಿಲ್ ಪೂರ್ತಿ ಪಾವತಿಯಾದ ದಿನ ಎಂದೂ, ನಿಮ್ಮ ಒಟ್ಟು ಹೊಣೆ ಹಿಂದಿನ 12 ತಿಂಗಳಲ್ಲಿ ಅವರು ಕೊಟ್ಟ ಶುಲ್ಕವನ್ನು ಮೀರದು ಎಂದೂ ಸೇರಿಸಿ.