ಅತ್ತೆಯ ಅಡುಗೆಮನೆಯಲ್ಲಿ ಹಾಬಿಟ್‌ಗಳ ಊಟ

ಪ್ರಶ್ನೆ: ನನಗೆ 28 ವರ್ಷ. ಮದುವೆಯಾಗಿ ಹುಬ್ಬಳ್ಳಿಯಲ್ಲಿ ಅತ್ತೆ-ಮಾವನ ಜೊತೆ ಇದ್ದೇನೆ. ಹಾಬಿಟ್ ಎಂಬ ಪುಟ್ಟ ಜನರ ಕಥೆ ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಕಾದಂಬರಿಗಳೆಂದರೆ ನನಗೆ ಪ್ರಾಣ. ತವರಿನಲ್ಲಿ ಅಣ್ಣನೂ ನಾನೂ ಭಾನುವಾರ ಆ ಕಥೆಗಳಲ್ಲಿ ಬರುವ ತಿಂಡಿಗಳನ್ನು ಮಾಡುತ್ತಿದ್ದೆವು. ಇಲ್ಲಿ ಅತ್ತೆ ‘ಮಕ್ಕಳ ಕಥಿ ಓದಿ ಅಡಿಗಿ ಮಾಡ್ತಾರೇನ?’ ಎನ್ನುತ್ತಾರೆ. ಮನೆಗೆ ಮೊಟ್ಟೆ ತರುವಂತಿಲ್ಲ, ಅಣಬೆಯೂ ಬೇಡ. ಹಾಗಾಗಿ ನಮ್ಮ ಕೋಣೆಯಲ್ಲೇ ಇಂಡಕ್ಷನ್ ಒಲೆ ಇಟ್ಟುಕೊಂಡು ರಾತ್ರಿ ಮಾಡುತ್ತಿದ್ದೆ. ಮೊಟ್ಟೆ ತಂದುಕೊಡುತ್ತಿದ್ದುದು ನನ್ನ ಗಂಡ. ಕಳೆದ ವಾರ ಕಸದ ಬುಟ್ಟಿಯಲ್ಲಿ ಸಿಪ್ಪೆ ಅತ್ತೆಯ ಕಣ್ಣಿಗೆ ಬಿತ್ತು. ಅವತ್ತಿನಿಂದ ಮಾತಿಲ್ಲ. ಇದನ್ನೆಲ್ಲ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಆದರೆ ಮೊದಲು ಅತ್ತೆಯ ಹತ್ತಿರ ಹೋಗಿ ‘ತಪ್ಪಾಯಿತು’ ಎನ್ನಿ. ನೀವು ಕಥೆ ಓದಿ ಅಡುಗೆ ಮಾಡಿದ್ದು ತಪ್ಪಲ್ಲ. ಅವರು ಬೇಡ ಎಂದ ವಸ್ತುವನ್ನು ಅವರ ಮನೆಯಲ್ಲೇ ಮುಚ್ಚಿಟ್ಟು ಬೇಯಿಸಿದ್ದು ತಪ್ಪು. ಇವೆರಡನ್ನೂ ಬೆರೆಸಬೇಡಿ. ತಪ್ಪು ಒಪ್ಪಿಕೊಳ್ಳುವಾಗ ‘ನೀವು ಹಾಗೆ ಅಂದಿದ್ದಕ್ಕೇ...’ ಎಂದು ಸೇರಿಸಲೂ ಬೇಡಿ. ಆ ಮಾತು ಇನ್ನೊಂದು ದಿನಕ್ಕಿರಲಿ.

ಟೋಲ್ಕಿನ್ ಕಥೆಯ ರೈತ ಮ್ಯಾಗಟ್ ನಿಮಗೆ ನೆನಪಿರಬೇಕು. ಕಥಾನಾಯಕ ಹಾಬಿಟ್ ಫ್ರೋಡೋ ಚಿಕ್ಕವನಿದ್ದಾಗ ಮ್ಯಾಗಟ್‌ನ ಹೊಲದಲ್ಲಿ ಅಣಬೆ ಕದ್ದು ಸಿಕ್ಕಿಬಿದ್ದಿದ್ದ. ಆ ಭಯಕ್ಕೆ 30 ವರ್ಷಕ್ಕೂ ಜಾಸ್ತಿ ಆ ಕಡೆ ತಲೆಹಾಕಲಿಲ್ಲ. ಕೊನೆಗೆ ಅನಿವಾರ್ಯವಾಗಿ ಅದೇ ಮನೆಯಲ್ಲಿ ಊಟಕ್ಕೆ ಕೂತಾಗ ಗೊತ್ತಾಗುತ್ತದೆ, ಇಷ್ಟು ವರ್ಷ ಒಬ್ಬ ಒಳ್ಳೆಯ ಸ್ನೇಹಿತನನ್ನು ಕಳೆದುಕೊಂಡಿದ್ದೆ ಅಂತ. ಹೊರಡುವಾಗ ಮ್ಯಾಗಟ್‌ನ ಹೆಂಡತಿ ಕೊಟ್ಟು ಕಳಿಸುವುದೂ ಒಂದು ಬುಟ್ಟಿ ಅಣಬೆಯನ್ನೇ! ನಿಮ್ಮ ಅತ್ತೆ ಅಣಬೆ ಕೊಡುತ್ತಾರೆ ಎನ್ನುತ್ತಿಲ್ಲ. ಆದರೆ ನೀವೂ ಹೆದರಿಕೊಂಡು ಅವರ ಅಡುಗೆಮನೆಯಿಂದ ದೂರವೇ ಉಳಿದಿರಿ. ಕದ್ದು ಮಾಡುವ ಬದಲು ಅವರ ಪಕ್ಕದಲ್ಲಿ ನಿಂತು ಒಮ್ಮೆಯಾದರೂ ಮಾಡಿದ್ದೀರಾ? ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ.

‘ಮಕ್ಕಳ ಕಥೆ’ ಎಂಬ ಮಾತು ನಿಮಗೆ ಚುಚ್ಚಿದೆ. ನನಗೂ ಅದು ಸರಿ ಎನಿಸುವುದಿಲ್ಲ. ‘ದಿ ಹಾಬಿಟ್’ 1937ರಲ್ಲಿ ಮಕ್ಕಳ ಪುಸ್ತಕವಾಗಿಯೇ ಬಂತು, ನಿಜ. ಆದರೆ ಬರೆದವರು 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ಮ್ ಕದನದ ಕಂದಕಗಳಲ್ಲಿದ್ದು ಬಂದ ಮನುಷ್ಯ. ಆಮೇಲಿನ ದೊಡ್ಡ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಫ್ರೋಡೋನ ಜೊತೆಗಾರ ಸ್ಯಾಮ್ ಶತ್ರುವಿನ ನಾಡಿನ ಅಂಚಿನವರೆಗೂ ಪಾತ್ರೆಗಳನ್ನು, ಒಂದು ಪುಟ್ಟ ಡಬ್ಬಿ ಉಪ್ಪನ್ನು ಹೊತ್ತೊಯ್ಯುತ್ತಾನೆ. ಸೋತುಹೋದ ಗೆಳೆಯನಿಗೆ ಬಿಸಿ ಊಟ ಹಾಕಬೇಕು, ಅಷ್ಟೇ ಅವನ ಆಸೆ. ಇದನ್ನು ಅತ್ತೆಗೆ ಕಥೆಯಾಗಿ ಹೇಳಿ. ಉಪ್ಪಿನ ಡಬ್ಬಿಯ ವಿಷಯ ಅವರಿಗೆ ಖಂಡಿತ ಅರ್ಥವಾಗುತ್ತದೆ.

ಇನ್ನು ಅಡುಗೆ. ಮೊಟ್ಟೆ ಇಲ್ಲದೆ ಏನೂ ಆಗದು ಅಂದುಕೊಂಡಿದ್ದೀರಿ, ಅಲ್ವಾ? ‘ದಿ ಹಾಬಿಟ್’ನಲ್ಲಿ ಕರಡಿಯಾಗಿ ಬದಲಾಗುವ ಬೆಯಾರ್ನ್ ಮಾಂಸ ಮುಟ್ಟುವುದಿಲ್ಲ. ಅವನ ಊಟವೆಲ್ಲ ಹೆಚ್ಚಾಗಿ ಕೆನೆ ಮತ್ತು ಜೇನುತುಪ್ಪ. ಅದರ ನಾಯಕ ಬಿಲ್ಬೋ ಮನೆಗೆ ಹೇಳದೆ ಕೇಳದೆ ಬಂದ 13 ಕುಳ್ಳರು ಕೇಳುವುದರಲ್ಲಿ ಜಾಮ್, ಆಪಲ್ ಟಾರ್ಟ್, ಚೀಸ್, ಬೀಜ ಹಾಕಿದ ಸೀಡ್ ಕೇಕ್ ಎಲ್ಲ ಇವೆ. ಆ ಸೀಡ್ ಕೇಕ್‌ನಿಂದಲೇ ಶುರು ಮಾಡಿ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಮೊಸರು, ಅರ್ಧ ಕಪ್ ಕರಗಿಸಿದ ಬೆಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಗಾಳಿಗುಳ್ಳೆ ಏಳುವುದರಿಂದ ಮೊಟ್ಟೆ ಇಲ್ಲದೆಯೂ ಕೇಕ್ ಉಬ್ಬುತ್ತದೆ. ಇಂಗ್ಲೆಂಡಿನ ಹಳೆಯ ರೀತಿಗೆ ಜೀರಿಗೆಯಂತೆ ಕಾಣುವ ಕ್ಯಾರವೇ ಬೀಜ ಎರಡು ಚಮಚ ಬೇಕು. ಸಿಗದಿದ್ದರೆ ಬಡೇಸೋಪು ಹಾಕಿ. ಒವನ್‌ನಲ್ಲಿ 180 ಡಿಗ್ರಿಗೆ 35-40 ನಿಮಿಷ. ಒಂದು ಮಾತು: ಮೊಟ್ಟೆ ಬೇಯಿಸಿದ ಪಾತ್ರೆಗಳನ್ನು ಅತ್ತೆಯ ಅಡುಗೆಮನೆಗೆ ಒಯ್ಯಬೇಡಿ. ಕೇಕಿಗೆ ಹೊಸ ಟಿನ್ ಕೊಳ್ಳಿ.

ಆಮೇಲೆ ಲೆಂಬಾಸ್. ಕಥೆಯಲ್ಲಿ ಎಲ್ಫ್ ಎಂಬ ಜನಾಂಗದವರು ದಾರಿಗೆಂದು ಎಲೆಯಲ್ಲಿ ಸುತ್ತಿ ಕೊಡುವ ತೆಳು ರೊಟ್ಟಿ, ಒಂದು ತಿಂದರೆ ದಿನವಿಡೀ ನಡೆಯಬಹುದು. ಕುಳ್ಳ ಗಿಮ್ಲಿ ಮೊದಲು ಇದೂ ಡೇಲ್ ಊರಿನ ಮನುಷ್ಯರು ಪ್ರಯಾಣಕ್ಕೆ ಮಾಡುವ ಸಪ್ಪೆ ರೊಟ್ಟಿ ‘ಕ್ರಾಮ್’ ಇರಬೇಕೆಂದು ಅನುಮಾನಿಸಿ, ಆಮೇಲೆ ಪೂರ್ತಿ ತಿಂದು ಮುಗಿಸುತ್ತಾನೆ. ತಿಂಗಳುಗಟ್ಟಲೆ ಕೆಡದ ದಾರಿಯ ರೊಟ್ಟಿ ನಿಮ್ಮ ಭಾಗದಲ್ಲೇ ಇದೆಯಲ್ಲ! ಅತ್ತೆಯಿಂದ ಖಡಕ್ ರೊಟ್ಟಿ ಬಡಿಯುವುದನ್ನು ಕಲಿಯಿರಿ. ಶೇಂಗಾ ಚಟ್ನಿಯ ಜೊತೆ ಕಟ್ಟಿಕೊಂಡು ಒಂದು ಭಾನುವಾರ ನೃಪತುಂಗ ಬೆಟ್ಟಕ್ಕೆ ಎಲ್ಲರೂ ಹೋಗಿಬನ್ನಿ. ಅಣ್ಣನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ. ಅವನಿಲ್ಲದ ಬೇಸರವೇ ನಿಮ್ಮ ಪತ್ರದಲ್ಲಿ ಜಾಸ್ತಿ ಕಾಣುತ್ತಿದೆ.

ಮೊಟ್ಟೆ, ಅಣಬೆ ತಿನ್ನಬೇಕೆನಿಸಿದರೆ ಹೊರಗೆ ತಿನ್ನಿ, ತವರಿನಲ್ಲಿ ಮಾಡಿಕೊಳ್ಳಿ. ಅತ್ತೆಗೂ ಹೇಳಿಯೇ ಮಾಡಿ. ಮನೆಗೆ ತರುವುದಿಲ್ಲ ಎಂಬ ಮಾತು ಮಾತ್ರ ಉಳಿಸಿಕೊಳ್ಳಿ. ಇಷ್ಟಾದ ಮೇಲೂ ಅವರು ನಿಮ್ಮ ಇಷ್ಟವನ್ನು ಹಂಗಿಸಿದರೆ, ‘ಅತ್ತೆ, ಹಾಗೆ ಅಂದರೆ ನನಗೆ ನೋವಾಗುತ್ತದೆ’ ಎಂದು ನೇರವಾಗಿ ಹೇಳಿ. ಹಾಗೆ ಹೇಳುವ ಹಕ್ಕು ನಿಮಗಿದೆ.

ತಪ್ಪಾಯಿತು ಎನ್ನಲು ನೀವೊಬ್ಬರೇ ಹೋಗಬೇಡಿ. ಮೊಟ್ಟೆ ತಂದದ್ದು ನಿಮ್ಮ ಗಂಡ, ಅದನ್ನು ಅವರು ತಮ್ಮ ಬಾಯಿಂದಲೇ ಅವ್ವನಿಗೆ ಹೇಳಲಿ. ಸೊಸೆಯೊಬ್ಬಳ ಮೇಲೆ ಎಲ್ಲ ಬಿಟ್ಟು ಸುಮ್ನೆ ಕೂರುವುದು ಅವರಿಗೆ ಸಲ್ಲದು. ಈ ಉತ್ತರವನ್ನು ಅವರಿಗೂ ಓದಲು ಕೊಡಿ.