ತಕಲಿಯಲ್ಲಿ ಉಣ್ಣೆ ನೂಲಲು ಶುರುಮಾಡಿದ್ದೇನೆ. ನೂಲು ಪದೇ ಪದೇ ಕಡಿಯುತ್ತದೆ, ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಎಲ್ಲಿ ತಪ್ಪುತ್ತಿದೆ?

ಕಡಿದ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಕೂದಲು ಉದ್ದಕ್ಕೆ ಜಾರಿ ಕುಂಚದ ಹಾಗೆ ಮೆತ್ತಗೆ ಬಿಚ್ಚಿಕೊಂಡಿದ್ದರೆ ಹುರಿ, ಅಂದರೆ ತಕಲಿ ತಿರುಗಿ ನೂಲಿಗೆ ಬೀಳುವ ತಿರುಚು, ಸಾಲಲಿಲ್ಲ. ತುದಿ ಗಡುಸಾಗಿ, ತಂತಿಯಂತೆ ಸುರುಳಿ ಸುತ್ತಿಕೊಂಡಿದ್ದರೆ ಹುರಿ ಹೆಚ್ಚಾಯಿತು. ಹೊಸಬರ ನೂಲು ಸಾಮಾನ್ಯವಾಗಿ ಕಡಿಯುವುದು ಹುರಿ ಸಾಲದೆಯೇ, ಅದೂ ತಕಲಿ ನಿಂತು ಹಿಂದಕ್ಕೆ ತಿರುಗತೊಡಗಿದ್ದನ್ನು ಗಮನಿಸದೆ. ಹಿಂದೆ ತಿರುಗಿದ ಒಂದೊಂದು ಸುತ್ತೂ ಹಾಕಿದ ಹುರಿಯನ್ನೇ ಬಿಚ್ಚುತ್ತದೆ, ಕೊನೆಗೆ ತಕಲಿ ನೆಲಕ್ಕೆ.

ಅದಕ್ಕೇ ಮೊದಲ ಕೆಲವು ದಿನ ತಿರುಗಿಸುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲೇಬೇಡಿ. ಕಡ್ಡಿಗೆ ಅರ್ಧ ಮೀಟರ್ ಉಣ್ಣೆ ದಾರ ಕಟ್ಟಿ ಕೊಕ್ಕೆಗೆ ಸಿಕ್ಕಿಸಿ. ದಾರದ ತುದಿಯ ಮೇಲೆ ಹಂಜಿಯ (ನೂಲಲು ಹಿಂಜಿ ಸಿದ್ಧಮಾಡಿದ ಉಣ್ಣೆಯ) ಕೂದಲನ್ನು 8-10 ಸೆಂ.ಮೀ. ಹಾಸಿ, ಎರಡನ್ನೂ ಸೇರಿಸಿ ಚಿವುಟಿ ಹಿಡಿಯಿರಿ. ತಕಲಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ 15-20 ಸುತ್ತು ತಿರುಗಿಸಿ, ಮೊಣಕಾಲುಗಳ ನಡುವೆ ಇರುಕಿಬಿಡಿ. ಈಗ ಎರಡು ಕೈಯೂ ಖಾಲಿ. ಕೆಳಗಿನ ಕೈ ಚಿವುಟಿದ್ದು ಚಿವುಟಿದಂತೆಯೇ ಇರಲಿ, ಮೇಲಿನ ಕೈ ಹಂಜಿಯನ್ನು ನಿಧಾನವಾಗಿ ಜಗ್ಗಲಿ. ನಡುವಿನ ಕೂದಲು ತೆಳ್ಳಗೆ ತ್ರಿಕೋನದಂತೆ ಹರಡಿದಾಗ ಕೆಳಗಿನ ಬೆರಳನ್ನು ಮೇಲಕ್ಕೆ ಜಾರಿಸಿ. ಹುರಿ ಬೆರಳ ಬೆನ್ನಿಗೇ ಏರಿ ಬರುವುದು ಕಣ್ಣಿಗೆ ಕಾಣುತ್ತದೆ. ಆ ಹುರಿ ಹಂಜಿಯೊಳಕ್ಕೆ ನುಗ್ಗಿತೋ, ಮುಗಿಯಿತು: ಎಷ್ಟು ಜಗ್ಗಿದರೂ ಬಾರದು, ಬಿಚ್ಚಿಯೇ ಮುಂದುವರಿಯಬೇಕು.

ಹುರಿ ನುಗ್ಗದಿದ್ದರೂ ಹಂಜಿ ಬರುತ್ತಿಲ್ಲವೆಂದರೆ ಕೈಗಳು ತೀರಾ ಹತ್ತಿರವಿವೆ, ಒಂದೇ ಕೂದಲಿನ ಎರಡೂ ತುದಿ ಹಿಡಿದು ಜಗ್ಗುತ್ತಿದ್ದೀರಿ. ಒಂದು ಕೂದಲು ಬಿಡಿಸಿ ಅಳೆಯಿರಿ. 10 ಸೆಂ.ಮೀ. ಇದ್ದರೆ ಕೈಗಳ ಅಂತರ ಅದಕ್ಕಿಂತ ತುಸು ಹೆಚ್ಚಿರಲಿ.

ದಪ್ಪ-ಸಪೂರದ ವಿಷಯ: ಹುರಿ ಯಾವಾಗಲೂ ಸಪೂರ ಜಾಗಕ್ಕೆ ಮೊದಲು ಓಡುತ್ತದೆ, ದಪ್ಪ ಜಾಗ ಮೆತ್ತಗೇ ಉಳಿಯುತ್ತದೆ. ಹಾಗೆ ಉಳಿದ ದಪ್ಪ ಗಂಟಿನ ಎರಡೂ ಬದಿ ಹಿಡಿದು, ಹುರಿ ಬಿಚ್ಚಿ, ಮೆಲ್ಲಗೆ ಎಳೆದು ಬಿಟ್ಟರೆ ಸರಿಹೋಗುತ್ತದೆ. ಎಲ್ಲ ಗಂಟನ್ನೂ ತಿದ್ದುತ್ತ ಕೂರಬೇಡಿ, ಎರಡೆಳೆ ಸೇರಿಸಿ ಹೊಸೆದಾಗ ಅರ್ಧ ಅಡಗಿಹೋಗುತ್ತವೆ.

ತಕಲಿ 30-40 ಗ್ರಾಂ ಇದ್ದರೆ ಸಾಕು. ಸುತ್ತಿದ ನೂಲಿನ ತೂಕವೂ ಸೇರುತ್ತ ಹೋಗುವುದರಿಂದ, ಚೆನ್ನಾಗಿ ಬರುತ್ತಿದ್ದ ನೂಲು ಇದ್ದಕ್ಕಿದ್ದಂತೆ ಕಡಿಯತೊಡಗಿದರೆ ತಕಲಿ ಖಾಲಿ ಮಾಡಿ. ಉಣ್ಣೆ 7-12 ಸೆಂ.ಮೀ. ಉದ್ದದ್ದು, ಸ್ವಲ್ಪ ಒರಟಾದದ್ದು ಒಳ್ಳೆಯದು. ನುಣುಪಾದ ಮೆರಿನೋ ಅಂಗಡಿಯಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ಕಲಿಯುವ ಕೈಗೆ ಅದು ಜಾರುತ್ತಲೇ ಇರುತ್ತದೆ; ನಾನಂತೂ ಬೇಡ ಎನ್ನುತ್ತೇನೆ.

ಎರಡೆಳೆ ಸೇರಿಸುವಾಗ ತಕಲಿಯನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ. ಆಮೇಲೆ ಲಡಿ ಕಟ್ಟಿ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಉಜ್ಜಬೇಡಿ, ಬಿಸಿಯಿಂದ ತಣ್ಣೀರಿಗೆ ಹಾಕಬೇಡಿ, ಕೂದಲು ಒಂದಕ್ಕೊಂದು ಹೆಣೆದು ಗಟ್ಟಿಯಾಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ಕೊಡವಿ, ನೆರಳಲ್ಲಿ ತೂಗುಹಾಕಿ.