‘ಅಳೋಕೂ ಪುರುಸೊತ್ತು ಸಿಗ್ಲಿಲ್ಲ’

ಆಗಸ್ಟ್ ಬಂತೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕನ್ನಡ ಮನೆಗಳಿಂದ ಸಲಹೆ ಕೇಳಿ ನನಗೆ ಒಂದೇ ಬಗೆಯ ಕರೆಗಳು ಬರುತ್ತವೆ. ಮಗಳು ‘ರಶ್’ನಲ್ಲಿದ್ದಾಳೆ, ತಾಯಿಗೆ ನಿದ್ದೆಯಿಲ್ಲ. ಅದಕ್ಕೇ ಈ ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಊರಲ್ಲಿರುವ ಓದುಗರಿಗಾಗಿ ಒಂದಿಷ್ಟು ಹಿನ್ನೆಲೆ. ಸೊರೊರಿಟಿ ಎಂದರೆ ಅಲ್ಲಿನ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿನಿಯರ ಸಂಘ. ಹಲವಕ್ಕೆ ಸ್ವಂತ ಮನೆಯೂ ಇರುತ್ತದೆ, ಹಾಗಾಗಿ ಸಂಘವನ್ನೇ ‘ಮನೆ’ ಎನ್ನುವುದುಂಟು. ಸದಸ್ಯೆಯರ ಆಯ್ಕೆಯೇ ರಶ್. ಪ್ರತಿ ಸುತ್ತಿನ ನಂತರ ಹುಡುಗಿಯರೂ ಸಂಘಗಳೂ ತಮಗೆ ಯಾರು ಬೇಕೆಂದು ಬರೆದುಕೊಡುತ್ತಾರೆ. ಆಮೇಲೆ ಯಾವ ಮನೆ ಮತ್ತೆ ಕರೆದಿದೆ, ಯಾವುದು ಕೈಬಿಟ್ಟಿದೆ ಎಂಬ ಪಟ್ಟಿ ಕೈಸೇರುತ್ತದೆ. ಕಾರಣ ಯಾರೂ ಹೇಳುವುದಿಲ್ಲ.

ಈ ತಾಯಿ ಎಚ್-4 ವೀಸಾದಲ್ಲಿ, ಎಂದರೆ ಅಲ್ಲಿ ಕೆಲಸಕ್ಕೆ ಹೋದವರ ಕುಟುಂಬಕ್ಕೆ ಸಿಗುವ ವೀಸಾದಲ್ಲಿ, ಹೋದವರು. 2015ರಲ್ಲಿ ನಿಯಮ ಬದಲಾದ ಮೇಲೆಯೇ ಕೆಲಸಕ್ಕೆ ಸೇರಲಾದದ್ದು. ಮಗಳ ರಶ್‌ಗೆಂದು ದುಡ್ಡು ಕೊಟ್ಟು ಸಲಹೆಗಾರ್ತಿಯನ್ನು ಗೊತ್ತುಮಾಡಿದ್ದರು, ಸುತ್ತು ಸುತ್ತಿನ ಬಟ್ಟೆ ತಾವೇ ಆರಿಸಿದ್ದರು, ಇನ್‌ಸ್ಟಾಗ್ರಾಮಿನಿಂದ ಹಳೆಯ ಫೋಟೊ ಅಳಿಸಿಹಾಕಿಸಿದ್ದರು. ಆದರೂ ಕೊನೆಯ ಸುತ್ತಿಗೆ ಉಳಿದದ್ದು ಎರಡೇ ಮನೆ, ಎರಡೂ ತಾಯಿಗೆ ಬೇಡವಾದವು. ವಿಶ್ವವಿದ್ಯಾಲಯಕ್ಕೆ ಮೇಲ್ ಬರೆದರು; ವಿವರ ಕೊಡಲಾಗದು ಎಂಬ ಉತ್ತರ ಬಂತು. “ಎಲ್ಲಾ ಬಿಟ್ಟುಬಿಡ್ತೀನಿ ಅಂತಾಳೆ. ನೀವು ಹೇಳಿದ್ರೆ ಕೇಳ್ತಾಳೆ ಮೇಡಂ” ಎಂದು ನನ್ನಲ್ಲಿಗೆ ಬಂದರು.

ಮೂವರೂ ವಿಡಿಯೊದಲ್ಲಿ ಕೂತೆವು. ತಾಯಿಯ ಮಾತು ಮುಗಿದ ಮೇಲೆ ಮಗಳನ್ನು ಕೇಳಿದೆ: “ಇವತ್ತು ಪಟ್ಟಿ ನೋಡಿದ ಮೇಲೆ ಮೊದಲು ಏನು ಮಾಡಿದೆ?”

“ಅಮ್ಮನಿಗೆ ಫೋನ್ ಮಾಡ್ದೆ” ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, “ನೀನು ಅಳೋಕೆ ಶುರು ಮಾಡ್ದೆ. ನಿನ್ನ ಸಮಾಧಾನ ಮಾಡೋ ಹೊತ್ತಿಗೆ ಮುಂದಿನ ಮನೆಗೆ ಹೋಗೋ ಟೈಮಾಯ್ತು. ನಂಗೆ ಅಳೋಕೂ ಪುರುಸೊತ್ತು ಸಿಗ್ಲಿಲ್ಲ ಅಮ್ಮಾ.”

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ನಂತರ ಹೇಳಿದರು: “ಇವಳ ಸ್ಕೂಲ್ ಹತ್ರ ಬೇರೆ ತಾಯಂದಿರು ಗುಂಪಾಗಿ ನಿಂತು ಮಾತಾಡ್ತಿದ್ರು. ನಾನು ಕಾರಲ್ಲೇ ಕೂತಿರ್ತಿದ್ದೆ. ಇವಳಿಗೆ ಹಾಗಾಗ್ಬಾರ್ದು ಅಂತಷ್ಟೇ.” ಮತ್ತೆ ತಡೆದು, “ಬಣ್ಣ ನೋಡಿ ಬಿಟ್ರಾ ಮೇಡಂ?”

ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರ ಆಯ್ಕೆಗೆ ಹಳೆಯ ಸದಸ್ಯೆಯರು ಅಡ್ಡ ಬಂದದ್ದನ್ನು ಅಲ್ಲಿನ ವಿದ್ಯಾರ್ಥಿ ಪತ್ರಿಕೆಯೇ ಬಯಲಿಗೆಳೆಯಿತು. ಇರಬಹುದು ಎಂದೇ ಹೇಳಿದೆ. ಆದರೆ ಅನುಮಾನವಿದ್ದರೆ ದೂರು ಕೊಡಬೇಕೋ ಬೇಡವೋ ಎನ್ನುವುದನ್ನು ಅದನ್ನು ಅನುಭವಿಸಿದವಳು ನಿರ್ಧರಿಸಬೇಕು.

ಸಲಹೆ ಇಷ್ಟೇ ಇತ್ತು. ಫಲಿತಾಂಶದ ದಿನದವರೆಗೆ ತಾಯಿ ತಾವಾಗಿ ಕರೆ ಮಾಡಬಾರದು. ವರ್ಷಕ್ಕೆ ಎಷ್ಟು ಖರ್ಚು ಭರಿಸಬಲ್ಲರೋ ಅದನ್ನು ಈಗಲೇ ಹೇಳಬೇಕು. ದುಡ್ಡು ಕೊಡುವವರಿಗೆ ಆ ಹಕ್ಕಿದೆ. ಕೊನೆಯ ಸುತ್ತಿನ ಒಪ್ಪಂದಕ್ಕೆ ಸಹಿ ಹಾಕುವುದು ಮಗಳಿಗೆ ಬಿಟ್ಟದ್ದು. ಸಹಿ ಹಾಕಿ, ತಾನೇ ಬರೆದುಕೊಟ್ಟ ಮನೆ ಸಿಕ್ಕ ಮೇಲೆ ಬೇಡವೆಂದರೆ, ಮುಂದಿನ ವರ್ಷದ ರಶ್‌ವರೆಗೆ ಆ ಕ್ಯಾಂಪಸ್ಸಿನಲ್ಲಿ ಪ್ಯಾನ್‌ಹೆಲೆನಿಕ್ ಎಂಬ ಸೊರೊರಿಟಿಗಳ ಒಕ್ಕೂಟದ ಬೇರೆ ಸಂಘ ಸೇರುವಂತಿಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ.

“ಇದು ಅಮೆರಿಕದವರ ಬುದ್ಧಿ, ನಮ್ಮ ಮಕ್ಕಳನ್ನು ಹಾಗೆ ಬಿಡೋಕಾಗಲ್ಲ” ಎಂದು ಹಲವರು ನನಗೆ ಹೇಳಿದ್ದಾರೆ. ಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸಬರನ್ನು ಹಿಂಸಿಸುವುದು, ಬಲವಂತವಾಗಿ ಕುಡಿಸುವುದು ಕಂಡರೆ ಆ ಕ್ಷಣವೇ ನಡುವೆ ಬನ್ನಿ, ಪೊಲೀಸರವರೆಗೂ ಹೋಗಿ. ಆದರೆ ತಿರಸ್ಕಾರದ ನೋವು ಮಗಳದ್ದು. ಅದರ ಮೇಲೆ ತಾಯಿಯ ನೋವನ್ನೂ ಹೊರಿಸಿದರೆ ಹದಿನೆಂಟರ ಹುಡುಗಿ ಮುಂದಿನ ಸಲ ಏನನ್ನೂ ಹೇಳುವುದಿಲ್ಲ. ನನಗೆ ಭಯವಿರುವುದು ಅದರದ್ದೇ, ಏಕೆಂದರೆ ನಿಜವಾದ ಅಪಾಯ ಬಂದಾಗಲೂ ಅವಳು ಹೇಳುವುದಿಲ್ಲ.

ಹುಡುಗಿ ಎರಡೂ ಮನೆಗಳ ಹೆಸರು ಬರೆದು ಸಹಿ ಹಾಕಿದಳು. ಎರಡನೆಯದು ಸಿಕ್ಕಿತು, ಸೇರಿದಳು. ತಾಯಿಗೆ ಆ ಮನೆ ಇನ್ನೂ ಒಪ್ಪಿಗೆಯಿಲ್ಲ. ಅದನ್ನೀಗ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ, ಮಗಳ ಹತ್ತಿರ ಅಲ್ಲ.